ಅರವತ್ತು ಕೋಲು, ಎರಡು ಬೆರಳು

ವೇದಿಕೆಯ ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಸಭಾಧ್ಯಕ್ಷರೂ ನಮ್ಮ ಸಂಸ್ಥೆಯ ನಿರ್ದೇಶಕರೂ ಆದ ದೊಡ್ಡವರೇ, ಅವರ ಬಲಕ್ಕೆ ಕುಳಿತು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಮುಖ್ಯ ಅತಿಥಿಗಳೇ, ನನ್ನನ್ನು ಸಭೆಗೆ ಪರಿಚಯಿಸುವಾಗ ನನಗೇ ಗೊತ್ತಿಲ್ಲದ ನಾಲ್ಕು ಸದ್ಗುಣಗಳನ್ನು ಹುಡುಕಿ ತೆಗೆದ ಕಾರ್ಯದರ್ಶಿಗಳೇ, ಮೊದಲ ಸಾಲಿನ ತುದಿಯಲ್ಲಿ ಕುಳಿತು ನನ್ನನ್ನೇ ದಿಟ್ಟಿಸುತ್ತಿರುವ ನನ್ನ ಹೆಂಡತಿಯೇ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕುಳಿತಿರುವ ದಾಖಲೆ ಕೋಣೆಯ ಮೇಡಂ ಅವರೇ, ಮತ್ತು ಚಹಾ ಕೊನೆಯಲ್ಲಿ ಎಂದು ಗೊತ್ತಿದ್ದೂ ಮೊದಲಿಗೇ ಬಂದು ಕುಳಿತ ವಿಶಾಲ ಹೃದಯದ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೆರಡು ವರ್ಷಕ್ಕೆ ಐದು ನಿಮಿಷ ಅಂದರೆ ವರ್ಷಕ್ಕೆ ಹದಿಮೂರು ಸೆಕೆಂಡು ಚಿಲ್ಲರೆ. ಲೆಕ್ಕ ಹಾಕಿ ನೋಡಿದೆ, ಬಟ್ಟೆ ಸಾಲುವುದಿಲ್ಲ. ಆದ್ದರಿಂದ ಸ್ವಲ್ಪ ಉದ್ದ ತೆಗೆದುಕೊಳ್ಳುತ್ತೇನೆ. ಕಾರ್ಯದರ್ಶಿಗಳು ಚೀಟಿ ಕಳಿಸಬಹುದು, ಕನ್ನಡಕ ತಂದಿಲ್ಲ.

ನಿರ್ದೇಶಕರ ಕೋಟಿನ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆಯಿದೆ. ಈ ವರ್ಷ ಹಿಮಹಾಸಿನ ಅಳತೆಗೆ ಹೋಗುವ ತಂಡದ ಪಟ್ಟಿ. ಹದಿನಾಲ್ಕು ಸಾಲು, ಹದಿಮೂರು ಹೆಸರು. ಕೋಲು ಅಳೆಯುವವರ ಸಾಲು ಮಾತ್ರ ಖಾಲಿ, ಏಕೆಂದರೆ ಅಲ್ಲಿ ಇಷ್ಟು ವರ್ಷ ನಾನಿದ್ದೆ, ಈಗ ನಿವೃತ್ತನಾಗುತ್ತಿದ್ದೇನೆ. ಪಟ್ಟಿ ಇವತ್ತು ಸಂಜೆಯೊಳಗೆ ಹಡಗಿನ ಕಚೇರಿಗೆ ಮುಟ್ಟಬೇಕು. ಆ ಖಾಲಿ ಸಾಲಿನಲ್ಲಿ ಒಂದು ಹೆಸರು ಬರೆಸದೆ ನಾನು ಈ ಮೈಕು ಬಿಡುವವನಲ್ಲ. ಯಾರ ಹೆಸರು, ಯಾಕೆ ಎಂದು ಹೇಳುವುದೇ ನನ್ನ ಭಾಷಣ. ಒಳಜೇಬಿನ ಸಂಗತಿ ಇವನಿಗೆ ಹೇಗೆ ಗೊತ್ತು ಎಂದು ಮುಖ್ಯ ಅತಿಥಿಗಳು ಹುಬ್ಬೇರಿಸಿದರು. ಸ್ವಾಮಿ, ಆ ಕೋಟು ಹೊಲಿದವನು ನಾನು. ಒಳಜೇಬು ಒಂದೇ ಇಟ್ಟಿದ್ದೇನೆ.

ಹೊಸಬರಿಗಾಗಿ ನಮ್ಮ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕಣ್ಣು ಹರಿಯುವಷ್ಟು ದೂರ ಹಾಸಿಕೊಂಡಿರುವ ಮಂಜುಗಡ್ಡೆ. ಮಲಗಿದ ಹಾಗೆ ಕಾಣುತ್ತದೆ, ಮಲಗಿಲ್ಲ. ತನ್ನ ಭಾರಕ್ಕೆ ತಾನೇ ಜಾರುತ್ತಾ ಸಮುದ್ರದ ಕಡೆ ನಡೆಯುತ್ತದೆ, ನಡೆಯುತ್ತಲೇ ಕರಗುತ್ತದೆ. ಎಷ್ಟು ನಡೆಯಿತು, ಎಷ್ಟು ಕರಗಿತು, ನಾವು ಕೇಳುವುದು ಇಷ್ಟೇ. ಇದಕ್ಕಾಗಿ ಅದರ ಅಂಚಿನ ಬಳಿ ಅಡ್ಡಕ್ಕೆ ಒಂದೇ ಗೆರೆಯಲ್ಲಿ ಅರವತ್ತು ಲೋಹದ ಕೋಲು ನೆಟ್ಟಿದ್ದೇವೆ. ಆಳಕ್ಕೆ ತೂತು ಕೊರೆದು ಇಳಿಸುವುದು, ಮೇಲೆ ಸ್ವಲ್ಪ ಬಿಡುವುದು. ಹೋದ ವರ್ಷ ನಿಮ್ಮ ಮೊಣಕಾಲಿನ ಮಟ್ಟಕ್ಕೆ ನಿಂತಿದ್ದ ಕೋಲು ಈ ವರ್ಷ ಹೋಗಿ ನೋಡಿದರೆ ನೆತ್ತಿಯ ಮಟ್ಟಕ್ಕೆ ಎದ್ದಿರುತ್ತದೆ. ಕೋಲು ಬೆಳೆಯಲಿಲ್ಲ, ಕಾಲ ಕೆಳಗಿನ ಗಡ್ಡೆ ಇಳಿಯಿತು. ಈ ವರ್ಷದ್ದರಿಂದ ಹೋದ ವರ್ಷದ್ದನ್ನು ಕಳೆಯಿರಿ, ಉಳಿದದ್ದು ಕರಗಿದ್ದು. ಅಳೆದ ಮೇಲೆ ಪಕ್ಕದಲ್ಲೇ ಹೊಸ ತೂತು ಕೊರೆದು ಕೋಲನ್ನು ಮತ್ತೆ ಇಳಿಸುತ್ತೇವೆ, ಮತ್ತೆ ಅಳೆದು ಬರೆಯುತ್ತೇವೆ. ಹೀಗೆ ಕಳೆದು ಕಳೆದು ಇಷ್ಟು ವರ್ಷದಲ್ಲಿ ಒಟ್ಟು ಎಂಟಂತಸ್ತಿನ ಕಟ್ಟಡದಷ್ಟು ಇಳಿದಿದೆ. ನಮ್ಮ ಸಂಸ್ಥೆಯ ಕಟ್ಟಡ ಮೂರೇ ಅಂತಸ್ತಿನದು.

ನಡಿಗೆಯ ಲೆಕ್ಕ ನನ್ನದಲ್ಲ, ದುರ್ಬೀನಣ್ಣನದು. ಅಗೋ, ಕಂಬದ ಹಿಂದೆ ಅಡಗಿ ಕುಳಿತಿದ್ದಾನೆ. ಆತ ಅಲುಗಾಡದ ಬಂಡೆಯ ಮೇಲೆ ದುರ್ಬೀನು ಹೂಡಿ ಕೋಲುಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ನೋಡುವವನು. ನೇರ ಗೆರೆಯಲ್ಲಿ ನೆಟ್ಟವು ವರ್ಷ ತುಂಬುವುದರಲ್ಲಿ ನಡುವಿನವು ಮುಂದೆ, ಅಂಚಿನವು ಹಿಂದೆ, ಹಗ್ಗದ ಮೇಲೆ ಹರವಿದ ಒದ್ದೆ ಹೊದಿಕೆ ಜೋತ ಹಾಗೆ. ಈ ಸಂಸ್ಥೆಯಲ್ಲಿ ಇದ್ದ ಕಡೆಯಿಂದ ಇನ್ನೊಂದು ಕಡೆಗೆ ನಿಜವಾಗಿ ಸರಿಯುವುದು ಆ ಗಡ್ಡೆಯೊಂದೇ ಸ್ವಾಮಿ. ಕಡತಗಳನ್ನು ನಾನು ನೋಡಿದ್ದೇನೆ.

ನಾನು ವಿಜ್ಞಾನಿಯಲ್ಲ. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟು ಕತ್ತರಿ ಹಿಡಿದವನು. ಸಂಸ್ಥೆಯ ಗೇಟಿನ ಎದುರು ನನ್ನ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ, ಒಂದು ಯಂತ್ರ, ಒಂದು ಕನ್ನಡಿ. ಆ ಕನ್ನಡಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಇಟ್ಟಿದ್ದೆ. ಯಾರು ನೋಡಿಕೊಂಡರೂ ಎರಡು ಇಂಚು ತೆಳ್ಳಗೆ, ನಾಲ್ಕು ಇಂಚು ಎತ್ತರ. ನನ್ನ ಕೈಯ ಬಟ್ಟೆ ಚೆನ್ನಾಗಿ ಕೂರುತ್ತದೆ ಎಂಬ ಹೆಸರು ಅರ್ಧ ಅದರದ್ದು. ಉಳಿದರ್ಧ ನನ್ನ ಅಳತೆ ಪುಸ್ತಕದ್ದು. ಗಿರಾಕಿ, ತಾರೀಖು, ಉದ್ದ, ಸುತ್ತು, ಕಡೆಗೆ ಷರಾ. ಷರಾ ಎಂದರೆ “ಎಡಭುಜ ಇಳಿದಿದೆ”, “ಉಸಿರು ಹಿಡಿದು ನಿಲ್ಲುತ್ತಾರೆ, ನಂಬಬೇಡ” ಇಂಥವು.

ಒಂದು ವರ್ಷ ತಂಡ ಹೋದ ವಾರಕ್ಕೇ ಗಾಳಿ ನಾಲ್ಕು ಡೇರೆಗಳನ್ನು ಹರಿದು ಹಾಕಿತು. ಹನ್ನೊಂದು ಮಂದಿ ವಿದ್ವಾಂಸರು ಸೂಜಿಗೆ ದಾರ ಪೋಣಿಸಲಾಗದೆ ವಾಪಸು ಬಂದರು. ಮರುವರ್ಷ ಯಾರಿಗೋ ಬುದ್ಧಿ ಹೊಳೆದು ದರ್ಜಿಯೊಬ್ಬನನ್ನೂ ಕರೆದುಕೊಂಡು ಹೋದರು. ಅರವತ್ತು ಕೋಲು ನೆಟ್ಟದ್ದೂ ಆ ವರ್ಷವೇ. ಅಳೆಯಬೇಕಾಗಿದ್ದವರಿಗೆ ಹಡಗಿನಲ್ಲೇ ಹಲ್ಲುನೋವು ಶುರುವಾಗಿ ಮುಖ ಊದಿಕೊಂಡಿತು. ನಿರ್ದೇಶಕರು ನನ್ನನ್ನು ಕರೆದರು. ಆಗ ಅವರಿಗೆ ತಲೆಯಲ್ಲಿ ಕೂದಲಿತ್ತು.

“ನಿಂಗೆ ಅಳತೆ ತಗೊಳ್ಳೋಕೆ ಬರುತ್ತೇನಯ್ಯಾ?”

“ಸರ್, ನಮ್ಮ ಸಂಸ್ಥೇಲಿ ಯಾರ್ಯಾರ ಹೊಟ್ಟೆ ಯಾವ್ಯಾವ ವರ್ಷ ಎಷ್ಟೆಷ್ಟು ಮುಂದೆ ಬಂತು ಅನ್ನೋದೆಲ್ಲಾ ನನ್ನ ಪುಸ್ತಕದಲ್ಲಿದೆ. ನಿಮ್ಮದೂ ಇದೆ. ಓದ್ಲಾ?”

“ಬೇಡ ಬೇಡ. ಟೇಪ್ ತಗೋ.”

ಅಲ್ಲಿಂದ ನಾನು ಟೇಪಣ್ಣನಾದೆ. ಅರವತ್ತು ಕೋಲಿಗೆ ಒಂಬತ್ತು ದಿನ. ಪ್ರತಿ ಕೋಲಿನ ಬುಡದಲ್ಲಿ ಮಂಡಿಯೂರಿ, ಎಡಗೈ ಕೆಳಗೆ, ಬಲಗೈ ಮೇಲೆ, ಅಳೆದು ನನ್ನ ಪುಸ್ತಕದಲ್ಲೇ ಬರೆದೆ. “ಹದಿನೇಳು: ನಿಲುವು ಓರೆ.” “ನಲವತ್ತೆರಡು: ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದಾರೆ.” ಎರಡು ಸಲ ಅಳೆದರೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕ್ರಮೇಣ ಸಂಸ್ಥೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ಟೇಪಣ್ಣ ತಪ್ಪಲ್ಲ. ಯಂತ್ರ ತಪ್ಪಬಹುದು, ಹವಾಮಾನದ ವರದಿ ತಪ್ಪಬಹುದು, ಟೇಪಣ್ಣ ತಪ್ಪಲ್ಲ. ದಿನವೂ ಈ ಮಾತು ಕೇಳಿಸಿಕೊಂಡರೆ ಮನುಷ್ಯ ಏನಾಗುತ್ತಾನೆ? ನಾನೂ ನಂಬಿದೆ.

ಈಗ ಹದಿಮೂರನೆಯ ವರ್ಷಕ್ಕೆ ಬರೋಣ. ಹನ್ನೆರಡು ವರ್ಷ ಮಂಜುಗಡ್ಡೆಯ ಬಿರುಕುಗಳ ಮೇಲೆ ಓಡಾಡಿದ ನಾನು, ಹೊರಡುವ ವಾರ ನನ್ನ ಮನೆಯ ಬಚ್ಚಲಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡೆ. ನನ್ನ ಬದಲಿಗೆ ಹೋದವರು ಇಂದು ಕೊನೆಯ ಸಾಲಿನಲ್ಲಿ ಕುಳಿತಿರುವ ಮೇಡಂ. ಆಗ ಅವರು ಸಂಸ್ಥೆಗೆ ಹೊಸಬರು. ದೊಡ್ಡ ಓದು, ಸಣ್ಣ ಚೀಲ, ಮಾತು ಕಡಿಮೆ. ಮಂಜುಗಡ್ಡೆಯ ಮೇಲೆ ಅವರ ನಡಿಗೆ ನೋಡಿ ಅಡುಗೆಯವನೇ ಬೆರಗಾದನಂತೆ: “ಮೇಡಂ ಹೋಗ್ತಾ ಇದ್ರೆ ಸ್ವಂತ ಅಂಗಳದಲ್ಲಿ ಓಡಾಡ್ದಂಗಿತ್ತು ಕಣಣ್ಣ.” ಅರವತ್ತು ಕೋಲನ್ನು ಅವರು ಆರೇ ದಿನದಲ್ಲಿ ಅಳೆದು ಬಂದರು.

ಆದರೆ ಲೆಕ್ಕಕ್ಕೆ ಕೂತಾಗ ಎಲ್ಲರಿಗೂ ಗಾಬರಿ. ಆ ವರ್ಷ ಅರವತ್ತೂ ಕಡೆ ಗಡ್ಡೆ ಬೇಕಾದ್ದಕ್ಕಿಂತ ಒಂದೇ ಪ್ರಮಾಣದಲ್ಲಿ ಹೆಚ್ಚು ಇಳಿದಿದೆ. ಬಿಸಿಲಿನಲ್ಲಿರುವ ಕೋಲಿಗೂ ಅಷ್ಟೇ, ನೆರಳಿನಲ್ಲಿರುವುದಕ್ಕೂ ಅಷ್ಟೇ. ಮೂರೂವರೆ ಸೆಂಟಿಮೀಟರು ಚಿಲ್ಲರೆ. ಮರುವರ್ಷ ನನ್ನ ಕಾಲು ಸರಿಹೋಗಿ ನಾನು ಹೋದೆ. ನನ್ನ ಲೆಕ್ಕದಲ್ಲಿ ಅಷ್ಟೇ ಪ್ರಮಾಣ ಎಲ್ಲ ಕಡೆಯೂ ಕಡಿಮೆ ಇಳಿದಿದೆ. ಅಂದರೆ ಅರ್ಥವೇನು? ಟೇಪಣ್ಣ ಹೋದ, ಎಲ್ಲ ಮತ್ತೆ ದಾರಿಗೆ ಬಂತು. ಹಾಗಾದರೆ ತಪ್ಪಿದ್ದು ಯಾರು? ಯಾರೂ ಹೆಚ್ಚು ಯೋಚಿಸಲಿಲ್ಲ. ಮೇಡಂ ಅಳೆದ ವರ್ಷದ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಅವರ ಕಡತದಲ್ಲಿ “ಅಳತೆಯ ಕೆಲಸಕ್ಕೆ ನಂಬಲರ್ಹರಲ್ಲ” ಎಂದು ಬರೆದು, ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಒಂಬತ್ತು ವರ್ಷವಾಯಿತು. ಮಂಜುಗಡ್ಡೆಯ ಮೇಲೆ ಅಂಗಳದಂತೆ ನಡೆದವರು ಒಂಬತ್ತು ವರ್ಷದಿಂದ ಕಬ್ಬಿಣದ ಕಪಾಟುಗಳ ನಡುವೆ ಓಡಾಡುತ್ತಿದ್ದಾರೆ.

ಅವರು ಸುಮ್ಮನಿರಲಿಲ್ಲ. ಒಂದು ಟಿಪ್ಪಣಿ ಬರೆದು ಕೊಟ್ಟಿದ್ದರು. “ಕೈ ತಪ್ಪಿದ್ದರೆ ಒಂದೊಂದು ಕೋಲಿಗೆ ಒಂದೊಂದು ಥರ ತಪ್ಪಬೇಕು. ಅರವತ್ತಕ್ಕೂ ಒಂದೇ ಥರ ತಪ್ಪಲು ಸಾಧ್ಯವಿಲ್ಲ. ಅಳತೆ ಎಲ್ಲಿಂದ ಶುರುವಾಗುತ್ತಿದೆ ಎಂಬುದನ್ನು ದಯವಿಟ್ಟು ಪರೀಕ್ಷಿಸಿ.” ಎಷ್ಟು ಸರಿಯಾದ ಮಾತು! ಸಂಸ್ಥೆ ಕೂಡಲೇ ಟೇಪನ್ನು ಪರೀಕ್ಷೆಗೆ ಕಳಿಸಿತು. ಟೇಪು ಸರಿಯಾಗಿದೆ ಎಂದು ಮೊಹರು ಹಾಕಿದ ಪತ್ರ ಬಂತು. ಟೇಪನ್ನು ಪರೀಕ್ಷಿಸಿದರು, ಟೇಪಣ್ಣನನ್ನು ಯಾರೂ ಪರೀಕ್ಷಿಸಲಿಲ್ಲ. ನನ್ನನ್ನು ಯಾರೂ ಏನೂ ಕೇಳಲೂ ಇಲ್ಲ.

ಇರಲಿ. ಈಗ ಎಲ್ಲರೂ ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯನ್ನು ತೆಗೆಯಿರಿ. ಬೀಸಣಿಗೆಯಾಗಿ ಬಳಸುತ್ತಿರುವವರೂ ಒಂದು ನಿಮಿಷ ನಿಲ್ಲಿಸಿ. ಮುಖಪುಟದಲ್ಲಿ ನನ್ನ ಚಿತ್ರವಿದೆ. ಇದೇ ಚಿತ್ರವನ್ನು ದೊಡ್ಡದು ಮಾಡಿ ನನ್ನ ಬೆನ್ನ ಹಿಂದೆಯೂ ಕಟ್ಟಿದ್ದಾರೆ. ಕಳೆದ ಸಲ ತಂಡದ ಜೊತೆ ಬಂದ ಫೋಟೋದವನು ಮಂಜಿನ ಮೇಲೆ ಬೋರಲು ಮಲಗಿ ತೆಗೆದದ್ದು. ಅಷ್ಟು ವರ್ಷದಲ್ಲಿ ಮಲಗಿಕೊಂಡು ನನ್ನನ್ನು ನೋಡಿದವನು ಅವನೊಬ್ಬನೇ. ನನ್ನ ಮುಖವನ್ನು ನೋಡಬೇಡಿ, ಅದು ಏನೂ ಬದಲಾಗಿಲ್ಲ. ಎಡಗೈಯನ್ನು ನೋಡಿ. ಕೆಳಗೆ, ಕೋಲಿನ ಬುಡದಲ್ಲಿ.

ಹತ್ತು ದಿನದ ಹಿಂದೆ ಈ ಪತ್ರಿಕೆ ಮನೆಗೆ ಬಂತು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. ಹೊಗಳುತ್ತಾಳೆ ಎಂದು ಚಹಾ ಹೀರುತ್ತಾ ಕಾದೆ.

“ಇದೇನ್ರೀ, ಕೋಲಿಗೆ ಲಂಗ ಹೊಲೀತಿದ್ದೀರಾ?”

“ಯಾಕೆ?”

“ನೆಲದಿಂದ ಎರಡು ಬೆರಳು ಬಿಟ್ಟಿದ್ದೀರಲ್ಲ.”

ನನ್ನ ಕೈಯ ಲೋಟ ಅಲ್ಲೇ ನಿಂತಿತು.

ಬಂಧುಗಳೇ, ನೆಲ ಮುಟ್ಟುವ ಉಡುಪಿನ ಅಳತೆಯನ್ನು ದರ್ಜಿ ಹೇಗೆ ತೆಗೆದುಕೊಳ್ಳುತ್ತಾನೆ ಗೊತ್ತೇ? ಗಿರಾಕಿಯ ಪಾದದ ಬಳಿ ಮಂಡಿಯೂರಿ, ಎಡಗೈಯ ಎರಡು ಬೆರಳನ್ನು ನೆಲದ ಮೇಲೆ ಒಂದರ ಮೇಲೊಂದು ಅಡ್ಡಲಾಗಿ ಇಟ್ಟು, ಟೇಪಿನ ತುದಿಯನ್ನು ಆ ಬೆರಳ ಮೇಲೆ ಊರಿ, ಅಲ್ಲಿಂದ ಸೊಂಟದವರೆಗೆ ಅಳೆಯುತ್ತಾನೆ. ಅಂಚು ನೆಲದ ಧೂಳು ಗುಡಿಸಬಾರದಲ್ಲ, ಅದಕ್ಕೆ. ಹನ್ನೆರಡನೆಯ ವಯಸ್ಸಿನಲ್ಲಿ ನನ್ನ ಗುರುಗಳು ಬೆರಳ ಗಂಟಿನ ಮೇಲೆ ಮರದ ಪಟ್ಟಿಯಿಂದ ಹೊಡೆದು ಕಲಿಸಿದ್ದು ಅದು. ಆಮೇಲೆ ಅದು ವಿದ್ಯೆಯಾಗಿ ಉಳಿಯಲಿಲ್ಲ, ಕೈಯಾಯಿತು. ಮಂಡಿ ನೆಲಕ್ಕೆ ತಗುಲಿತೋ, ಬೆರಳು ತಾನಾಗಿ ಹೋಗಿ ಕೂರುತ್ತದೆ. ಅರವತ್ತು ಕೋಲಿಗೆ, ವರ್ಷವರ್ಷವೂ, ನಾನು ಅಂಚು ಕೊಳೆಯಾಗದ ಹಾಗೆ ಎರಡು ಬೆರಳು ಬಿಟ್ಟು ಅಳೆದಿದ್ದೇನೆ. ಆ ಕೋಲುಗಳು ಯಾವ ಮದುವೆಗೆ ಹೊರಟಿದ್ದವೋ!

ನಗಿ, ನಗಿ. ನಾನೂ ನಗಬೇಕೆಂದೇ ಇದ್ದೆ. ಆದರೆ ಲೋಟ ಕೆಳಗಿಟ್ಟು ಪೆಟ್ಟಿಗೆ ತೆಗೆದೆ. ಹಳೆಯ ಪುಸ್ತಕಗಳನ್ನು ಹರಡಿಕೊಂಡು ಹದಿಮೂರನೆಯ ವರ್ಷದ ಮೇಡಂ ಅಳತೆಗೆ ನನ್ನ ಎರಡು ಬೆರಳು ಸೇರಿಸಿ, ತೆಗೆದು, ಸೇರಿಸಿ ನೋಡಿದೆ. ಅರವತ್ತು ಕಳೆಯುವ ಲೆಕ್ಕ. ಅರವತ್ತೂ ಬೆಸುಗೆ ಹಾಕಿದ ಹಾಗೆ ಕೂತವು. ಆ ವರ್ಷ ಗಡ್ಡೆ ಹೆಚ್ಚು ಕರಗಿರಲಿಲ್ಲ, ಮೇಡಂ ತಪ್ಪಿರಲಿಲ್ಲ. ಅವರು ಟೇಪಿನ ತುದಿಯನ್ನು ಮಂಜಿಗೇ ಊರಿ, ಇದ್ದದ್ದನ್ನು ಇದ್ದ ಹಾಗೆ ಓದಿದ್ದರು.

ಪತ್ರಿಕೆಯವರೊಬ್ಬರು ನಾಲ್ಕನೆಯ ಸಾಲಿನಲ್ಲಿ ಬರೆದುಕೊಳ್ಳುವುದು ಕಾಣುತ್ತಿದೆ. ಸ್ವಲ್ಪ ತಡೆಯಿರಿ ಸ್ವಾಮಿ. “ಅಳತೆ ತಪ್ಪು, ಮಂಜು ಕರಗಿಲ್ಲ” ಎಂದು ನಾಳೆ ಹಾಕಿಬಿಟ್ಟೀರಿ. ಕರಗಿದ್ದು ಕರಗಿದ್ದೇ. ನನ್ನ ಖಾಯಂ ಗಿರಾಕಿಯ ಸೊಂಟವನ್ನು ಪ್ರತಿ ವರ್ಷವೂ ಒಂದಿಂಚು ಕಡಿಮೆ ಬರೆದೆ ಎಂದುಕೊಳ್ಳಿ. ಹೋದ ವರ್ಷಕ್ಕಿಂತ ಈ ವರ್ಷ ಹೊಟ್ಟೆ ಎಷ್ಟು ಮುಂದೆ ಬಂತು ಎಂಬುದು ಬದಲಾಗುತ್ತದೆಯೇ? ಇಲ್ಲ, ಎರಡೂ ಕಡೆ ಒಂದೇ ತಪ್ಪು, ಕಳೆದಾಗ ತಪ್ಪು ತಪ್ಪಿಗೆ ಹೊಡೆದುಹೋಗುತ್ತದೆ. ಎಂಟಂತಸ್ತು ಎಂಟಂತಸ್ತೇ. ಅದರಲ್ಲಿ ಯಾರೂ ಸಮಾಧಾನ ಪಡಬೇಡಿ. ನನ್ನ ತಪ್ಪಿನಿಂದ ಮಂಜುಗಡ್ಡೆಗೆ ಒಂದು ಹನಿಯಷ್ಟೂ ನಷ್ಟವಿಲ್ಲ. ನಷ್ಟವಾದದ್ದು ಮನುಷ್ಯರೊಬ್ಬರಿಗೆ.

ಹೆಂಡತಿ ಅಂದೇ ಕೇಳಿದಳು. “ಯಾವಾಗ ಹೇಳ್ತೀರಿ?”

“ಸನ್ಮಾನ ಒಂದು ಆಗಿಬಿಡ್ಲಿ.”

“ಸನ್ಮಾನ ಆದ್ಮೇಲೆ ಬಾಯಿ ಬರುತ್ತಾ ನಿಮಗೆ? ಅವರು ಕೊಡೋ ಹಲಗೆ ಗೋಡೆಗೆ ಹೊಡೆದು ದಿನಾ ಅದರ ಕೆಳಗೆ ಕೂತು ತಿಂಡಿ ತಿಂತೀರಿ, ಅಷ್ಟೇ.”

ಹತ್ತು ದಿನ ತಡೆದೆ. ಒಂದು ದಿನ ತಲೆನೋವು, ಒಂದು ದಿನ ಮಳೆ, ಎರಡು ದಿನ ರಜಾ, ಮಿಕ್ಕ ದಿನಗಳಿಗೆ ಕಾರಣವೂ ಸಿಗಲಿಲ್ಲ. ಯಾಕೆ ತಡೆದೆ? ಸಭೆಯಲ್ಲಿ ಒಂದು ತಿದ್ದುಪಡಿ ಮಾಡಬೇಕು. ನನ್ನನ್ನು ಯಾರೂ ಏನೂ ಕೇಳಲಿಲ್ಲ ಎಂದೆನಲ್ಲ, ಅದು ಸರಿಯಲ್ಲ. ಕೇಳಿದ್ದರು. ಆ ಕೆಂಪು ಗೆರೆ ಎಳೆಯುವ ಮುಂಚೆ ನಿರ್ದೇಶಕರು ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಕೇಳಿದ್ದರು: “ಟೇಪಣ್ಣ, ಆ ಹುಡುಗಿ ಅಳತೆ ಬಗ್ಗೆ ನಿಂಗೇನನ್ಸುತ್ತೆ?”

ನನಗೆ ಗೊತ್ತಿಲ್ಲ ಸರ್ ಎನ್ನಬಹುದಿತ್ತು. ನಿಜಕ್ಕೂ ಗೊತ್ತಿರಲಿಲ್ಲ. ಆದರೆ ನಾನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದಾಗ, ಬಂದವರೆಲ್ಲ ಹೇಳಿದ ಸುದ್ದಿ ಒಂದೇ. ಮೇಡಂ ಆರು ದಿನಕ್ಕೆ ಮುಗಿಸಿದರಂತೆ. ಆರು ದಿನಕ್ಕೆ! ಹನ್ನೆರಡು ವರ್ಷದಿಂದ ಒಂಬತ್ತು ದಿನ ತೆಗೆದುಕೊಳ್ಳುತ್ತಿದ್ದವನು ನಾನು. ಒಂಬತ್ತು ದಿನ ಬೇಕು ಎಂದು ಎಲ್ಲರನ್ನೂ ನಂಬಿಸಿದ್ದವನು ನಾನು. ಹೊಟ್ಟೆಯುರಿ ಎಂದರೆ ಏನೆಂದು ಆಗ ತಿಳಿಯಿತು. ಮುರಿದ ಕಾಲಿನ ನೋವು ಅದರ ಮುಂದೆ ಏನೂ ಅಲ್ಲ. ಅದಕ್ಕೇ ನಿರ್ದೇಶಕರಿಗೆ ಹೇಳಿದೆ:

“ಪುಸ್ತಕ ಹಿಡಿದ ಕೈ ಸರ್. ಅವಸರಕ್ಕೆ ಟೇಪು ಸಡಿಲ ಬಿಟ್ಟಿರ್ತಾರೆ. ಪಾಪ, ಆರು ದಿನದ ಮೇಡಂ!”

ಆ ಅಡ್ಡಹೆಸರು ಇಟ್ಟವನು ನಾನೇ. ಸಂಸ್ಥೆಯೆಲ್ಲ ಹಬ್ಬಿತು. ಊಟದ ಕೋಣೆಯಲ್ಲಿ ಅವರು ತಟ್ಟೆ ಹಿಡಿದು ಬಂದರೆ “ಮೇಡಂ, ನಿಧಾನ, ನಿಧಾನ” ಎಂದು ನಗುತ್ತಿದ್ದರು. ನಗುತ್ತಿದ್ದವರಲ್ಲಿ ಕೆಲವರು ಈಗ ತಮ್ಮ ಬೂಟಿನ ದಾರ ನೋಡಿಕೊಳ್ಳುತ್ತಿದ್ದೀರಿ. ಪರವಾಗಿಲ್ಲ. ಒಬ್ಬರ ಕಡೆ ಬೆರಳು ತೋರಿಸುವುದು ಎನ್ನುತ್ತೇವೆ. ಸಾಮಾನ್ಯವಾಗಿ ಜನರಿಗೆ ಒಂದು ಬೆರಳು ಸಾಕು. ನಾನು ಎರಡು ಬಳಸಿದ್ದೇನೆ.

ಇವತ್ತು ಬೆಳಿಗ್ಗೆ ದಾಖಲೆ ಕೋಣೆಗೆ ಹೋದೆ. ಅಲ್ಲಿಗೆ ನಾನು ಹೊಸಬನಲ್ಲ. ಊರಲ್ಲಿರುವಾಗ ದಿನವೂ ಹನ್ನೊಂದು ಗಂಟೆಗೆ ಅವರ ಮೇಜಿನ ಎದುರು ಕುಳಿತು ಚಹಾ ಕುಡಿಯುವವನು. ಅಷ್ಟು ಆದ ಮೇಲೂ ಅವರು ನನಗೆ ಚಹಾ ಕೊಡುತ್ತಿದ್ದರು, ನಾನು ಕುಡಿಯುತ್ತಿದ್ದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬೆರಳಿನದ್ದೂ ಹೇಳಿದೆ, ನಿರ್ದೇಶಕರ ಕೋಣೆಯದ್ದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ.

“ಯಾವ ಕೈ?”

“ಎಡಗೈ.”

“ಟೇಬಲ್ ಮೇಲಿಡಿ. ಕೋಲಿನ ಹತ್ರ ಹೆಂಗಿಡ್ತೀರೋ ಹಂಗೇ.”

ಇಟ್ಟೆ. ಉಕ್ಕಿನ ಪಟ್ಟಿ ತೆಗೆದು ವೈದ್ಯರ ಹಾಗೆ ಮೂರು ಸಲ ಅಳೆದರು. ಮೂರು ಸಲವೂ ಬರೆದುಕೊಂಡರು. ಆಮೇಲೆ ಮೇಜಿನ ಕೆಳಗಿನ ಖಾನೆಯಿಂದ ಮೂಲೆ ಸವೆದ ಒಂದು ಟಿಪ್ಪಣಿ ಪುಸ್ತಕ ತೆಗೆದರು. ಅದರಲ್ಲಿ ಅರವತ್ತು ಕೋಲಿನ ವ್ಯತ್ಯಾಸ, ಅದರ ಸರಾಸರಿ, ಅದರ ಸುತ್ತ ಪೆನ್ಸಿಲಿನಲ್ಲಿ ಎಷ್ಟೋ ಸಲ ಸುತ್ತಿ ಸುತ್ತಿ ಹಾಳೆಯೇ ಹರಿದಿದೆ. ಮೂರು ಪಾಯಿಂಟ್ ಆರು. ನನ್ನ ಬೆರಳೂ ಮೂರು ಪಾಯಿಂಟ್ ಆರು. ಪುಸ್ತಕ ಮುಚ್ಚಿ ನನ್ನ ಕೈಯ ಕಡೆ ನೋಡಿದರು.

“ಗಾಳಿ ಅಂದ್ಕೊಂಡೆ. ಕೋಲು ತಾನೇ ಎದ್ದು ಬಂತೇನೋ ಅಂದ್ಕೊಂಡೆ. ಗಡ್ಡೆ ಉಬ್ಬಿ ಇಳಿಯುತ್ತೇನೋ ಅಂತ ಮೂರು ವರ್ಷ ಓದಿದೆ. ಒಂಬತ್ತು ವರ್ಷ ಹಿಮದಲ್ಲಿ ಹುಡುಕ್ತಿದ್ದೆ ರೀ ನಾನಿದನ್ನ. ಇದು ದಿನಾ ನನ್ನೆದುರಿಗೇ ಚಹಾ ಲೋಟ ಹಿಡ್ಕೊಂಡು ಕೂತಿತ್ತು.”

ಹಾಗೆ ಹೇಳಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೆ ಆ ನಗು ಬೇಗ ಮುಗಿಯಿತು. “ನಿಮ್ಮ ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ? ಆ ಅರವತ್ತನ್ನೂ ನನ್ನ ಕೈಯಿಂದ ಇನ್ನೊಂದು ಸಲ ಅಳೀಬೇಕು. ಅಷ್ಟೇ ನಂಗೆ ಬೇಕಾಗಿರೋದು” ಎಂದರು.

ಇನ್ನೊಂದು ಸಲ ಎಂದರೆ ಈ ಸಲವೇ. ಮುಂದಿನ ವರ್ಷದಿಂದ ಆಕಾಶದಿಂದಲೇ ಅಳೆಯುತ್ತಾರೆ, ಕೋಲುಗಳನ್ನು ಕಿತ್ತು ತರುತ್ತಾರೆ ಎಂದು ತೀರ್ಮಾನವಾಗಿದೆ. ಕೈಯಿಂದ ಅಳೆಯುವುದು ಇದೇ ಕೊನೆ. ಈ ಪಟ್ಟಿ ತಪ್ಪಿದರೆ ಅವರಿಗೆ ಇನ್ನೊಂದು ಪಟ್ಟಿ ಇಲ್ಲ.

ನಾನು ನೇರ ಕಚೇರಿಗೆ ಹೋಗಿ ಪತ್ರ ಕೊಟ್ಟೆ. ಗುಮಾಸ್ತರು ಓದಿ, “ಒಳ್ಳೇದು, ಯಥಾಪ್ರಕಾರ ಮಂಡಿಸ್ತೀವಿ” ಎಂದರು. ಯಥಾಪ್ರಕಾರ! ಆ ಪದದೊಳಗೆ ಹೋದ ಕಾಗದ ಹೊರಗೆ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಆದ್ದರಿಂದ ಅದರ ಪ್ರತಿಯನ್ನು ಇನ್ನೂರು ಸಾಕ್ಷಿಗಳ ಮುಂದೆ ಇಲ್ಲೇ ಓದುತ್ತೇನೆ. ಕನ್ನಡಕ ತಂದಿಲ್ಲ ಎಂದಿದ್ದೆ, ತಂದಿದ್ದೇನೆ.

“ಮಾನ್ಯರೇ, ಕೋಲು ಅಳೆಯುವ ಕೆಲಸದಲ್ಲಿದ್ದ ನಾನು, ಇಪ್ಪತ್ತೊಂದು ವರ್ಷಗಳ ಅಳತೆಯನ್ನು ಮಂಜಿನಿಂದ ತೆಗೆದುಕೊಳ್ಳದೆ ನನ್ನ ಬೆರಳಿನಿಂದ ತೆಗೆದುಕೊಂಡಿದ್ದೇನೆ. ಹದಿಮೂರನೆಯ ವರ್ಷದ ಅಳತೆ ಒಂದೇ ಮಂಜಿನಿಂದ ತೆಗೆದದ್ದು. ಅದನ್ನು ತೆಗೆದವರ ಕಡತದಲ್ಲಿ ಬರೆದಿರುವ ಷರಾ ನನಗೆ ಸೇರಬೇಕಾದದ್ದು. ದಯವಿಟ್ಟು ಅವರ ಕಡತದಿಂದ ಹೊಡೆದುಹಾಕಿ ನನ್ನದರಲ್ಲಿ ಬರೆದುಕೊಳ್ಳಬೇಕು. ನಿವೃತ್ತನಾಗುವವನಿಗೆ ಅದರಿಂದ ತೊಂದರೆಯಿಲ್ಲ ಎಂದು ಯೋಚಿಸಿ ಹೀಗೆ ಕೇಳುತ್ತಿಲ್ಲ, ತೊಂದರೆಯಿದೆ.”

ಮೇಜಿನ ಮೇಲೆ ಬಟ್ಟೆ ಮುಚ್ಚಿದ ಫಲಕದಲ್ಲಿ “ಇಪ್ಪತ್ತೆರಡು ವರ್ಷಗಳ ತಪ್ಪಿಲ್ಲದ ಅಳತೆಗಾಗಿ” ಎಂದು ಕೆತ್ತಿಸಿದ್ದೀರಂತೆ. ಅಧ್ಯಕ್ಷರೇ, ಆ ಇಪ್ಪತ್ತೆರಡರಲ್ಲಿ ತಪ್ಪಿಲ್ಲದ್ದು ಒಂದೇ ವರ್ಷ, ಆ ವರ್ಷ ನಾನಿರಲಿಲ್ಲ. ಅದನ್ನು ನಾನು ಹೇಗೆ ಮನೆಗೆ ಒಯ್ಯಲಿ? ಎಲ್ಲಿ ಹೊಡೆಯಲಿ? ಒಯ್ದರೂ ಒಳಗೆ ಬಿಡುವವರು ಮೊದಲ ಸಾಲಿನಲ್ಲಿ ಕುಳಿತಿದ್ದಾರೆ, ನೋಡಿ, ಬಿಡುವ ಹಾಗೆ ಕಾಣುವುದಿಲ್ಲ.

ನಿರ್ದೇಶಕರೇ, ನೀವು ಕೆಟ್ಟವರಲ್ಲ. ಅಳತೆ ಕೇಳಬೇಕಾದಲ್ಲಿ ನೀವು ಅಭಿಪ್ರಾಯ ಕೇಳಿದಿರಿ, ನಾನು ಕೊಟ್ಟೆ. ನಿಮ್ಮ ಪಾಲು ಅಷ್ಟು, ಮಿಕ್ಕದ್ದು ನನ್ನದು. ಈಗ ದಯವಿಟ್ಟು ಒಳಜೇಬಿನ ಹಾಳೆ ತೆಗೆಯಿರಿ. ಆ ಜೇಬಲ್ಲ, ಅದರಲ್ಲಿ ಮಾತ್ರೆ ಇರುತ್ತದೆ. ಹಾಂ, ಅದೇ. ಪೆನ್ನನ್ನು ಮುಖ್ಯ ಅತಿಥಿಗಳು ಕೊಡುತ್ತಿದ್ದಾರೆ, ಅವರಿಗೆ ಈ ಸಭೆಯ ವಿಶೇಷ ಕೃತಜ್ಞತೆಗಳು. ಹದಿನಾಲ್ಕನೆಯ ಸಾಲು. ಹೆಸರು ಬರೆಯಿರಿ ಸರ್, “ಆರು ದಿನದ” ಎಂದು ಬರೆಯಬೇಡಿ, ಅವರ ಅಪ್ಪ ಅಮ್ಮ ಇಟ್ಟ ಹೆಸರು. ಸಹಿ. ಚಪ್ಪಾಳೆ ಆಮೇಲೆ ತಟ್ಟಿ, ಕೈ ಅಲುಗಿದರೆ ಸಹಿ ಕೆಡುತ್ತದೆ.

ತಾರೀಖು ಸರ್. ಕೆಳಗೆ ತಾರೀಖು ಹಾಕಿ. ಈ ಸಂಸ್ಥೆಯಲ್ಲಿ ತಾರೀಖಿಲ್ಲದ ಸಹಿಗೆ ಎಷ್ಟು ಆಯಸ್ಸು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಹಾಕಿದರು.

ಈಗ ತಟ್ಟಿ. ಅರೆ, ಯಾರ ಕಡೆ ನೋಡಿ ತಟ್ಟುತ್ತಿದ್ದೀರಿ? ಹಿಂದೆ ತಿರುಗಿ. ಆದರೆ ಅವರು ಕುಳಿತಿಲ್ಲ. ಎದ್ದು ಬಾಗಿಲ ಬಳಿ ಹೋಗಿದ್ದಾರೆ, ಗಡಿಯಾರ ನೋಡುತ್ತಿದ್ದಾರೆ. ಅಳುತ್ತಿದ್ದಾರೆಂದು ಯಾರೂ ತಿಳಿಯಬೇಡಿ. ಉಗ್ರಾಣ ಐದಕ್ಕೆ ಮುಚ್ಚುತ್ತದೆ, ಮಂಜಿನ ಬೂಟಿಗೆ ಕಾಲಿನ ಅಳತೆ ಕೊಡಬೇಕು. ಬಾಗಿಲಲ್ಲಿ ನಿಂತಿರುವವರೇ, ಕೈಕುಲುಕುವುದು, ಅಭಿನಂದಿಸುವುದು ಎಲ್ಲ ನಾಳೆ. ಈಗ ದಯವಿಟ್ಟು ದಾರಿ ಬಿಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ, ಚೀಟಿ ಬರೆದರೂ ಕಳಿಸದೆ ಕೈಯಲ್ಲೇ ಹಿಡಿದುಕೊಂಡ ಕಾರ್ಯದರ್ಶಿಗಳಿಗೆ, ಅಳುಕದೆ ತಾರೀಖು ಹಾಕಿದ ಅಧ್ಯಕ್ಷರಿಗೆ ಧನ್ಯವಾದಗಳು. ಮೈಕು ಬಿಟ್ಟಿದ್ದೇನೆ. ನಮಸ್ಕಾರ.